ನುಂಗಿದ ಗಕಾರ

ಠಾಣೆಯ ಮುನ್ಶಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದ. ಬರೆದದ್ದು ಉರ್ದುವಿನಲ್ಲಿ. ಬೆಂಚಿನ ತುದಿಯಲ್ಲಿ ಕೂತಿದ್ದ ಜಿಂದ್‌ವಡಾನಿಗೆ ಉರ್ದು ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತು. ಮಸೀದಿಯ ಪ್ರವಚನ, ರೇಡಿಯೋದ ವಾರ್ತೆ ಕೇಳಿ ಕೇಳಿ ಬಂದ ತಿಳಿವಳಿಕೆ.

‘ತೂಬು ಒಡೆದ ಹಿಂದಿನ ದಿವಸ ಮಧ್ಯಾಹ್ನ, ಬಸ್ತಿ ಸೋಭಾದ ಜಿಂದ್‌ವಡಾ ಎಂಬಾತನು ಚಕ್ ಹನ್ನೊಂದರ ಚೌಧರಿ ಮೆಹರ್‌ದೀನರ ಬಾಗಿಲಿಗೆ ಬಂದು, ಬಹಳ ಹೊತ್ತು ನಿಂತು, ಅವರಿಗೆ ಗಾಲಿಯಾಂ ಕೊಟ್ಟನು.’

ಗಾಲಿಯಾಂ ಎಂದರೆ ಬೈಗುಳ. ಉರ್ದುವಿನಲ್ಲಿ ಬೇರೆ ಏನೂ ಬಾರದಿದ್ದರೂ ಅದೊಂದು ಎಲ್ಲರಿಗೂ ಬರುತ್ತದೆ.

“ನಾ ಬೈದೆ? ಚೌಧರಿಗೆ?” ಜಿಂದ್‌ವಡಾ ಎದ್ದು ನಿಂತ. “ಯಾವ ಹಲ್ಕಾ ಹೇಳ್ಯಾನ ಇದನ್ನ?”

“ಕೂತ್ಕೊಳಯ್ಯ. ಇಲ್ಲೇ ಬೈಯೋಕೆ ಶುರು ಮಾಡ್ದಲ್ಲ, ಅಲ್ಲಿ ಬೈದಿಲ್ವಾ?” ಮುನ್ಶಿ ಕಾಗದ ತಿರುಗಿಸಿ ಕೆಳಗಿನ ನೀಲಿ ಹೆಬ್ಬೆಟ್ಟಿನ ಗುರುತನ್ನು ತೋರಿಸಿದ. “ಹೇಳಿರೋನು ನಿಮ್ಮೋನೇ. ವಾಹಿದ್ ಬಖ್ಶ್. ಹಗ್ಗ ಹೊಸೆಯೋನಂತಲ್ಲ, ಅವನೇ.”

ಜಿಂದ್‌ವಡಾ ಕೂತ. 

ವಾಹಿದ್ ಬಖ್ಶ್ ಅವನ ಹೆಂಡತಿಯ ಖಾಸಾ ತಮ್ಮ. ಬಸ್ತಿಯ ಇನ್ನೊಂದು ತುದಿಯಲ್ಲಿ ಅವನ ಮನೆ. ಅವನ ಮಗ ಸಜಾವಲ್‌ನಿಗೆ ಜಿಂದ್‌ವಡಾನ ಮಗಳು ಬಖ್ತಾವರ್‌ಳನ್ನು ಗೊತ್ತು ಮಾಡಿ ಎರಡು ವರ್ಷವಾಗಿತ್ತು. ಈ ಗೋಧಿ ಕೊಯ್ಲು ಮುಗಿದ ಕೂಡಲೇ ನಿಕಾಹ್. ಕೆಂಪು ಚುನ್ನಿ, ಉಂಗುರ, ಜರಿಯ ಚಪ್ಪಲಿ, ಕಲ್ಲುಸಕ್ಕರೆ ಎಲ್ಲ ಗಂಟು ಕಟ್ಟಿ ಆ ಕಡೆಯಿಂದ ಬಂದು, ಈ ಮನೆಯ ಪೆಟ್ಟಿಗೆಯಲ್ಲಿ ಕೂತಿತ್ತು.

ಆಗಿದ್ದು ಇಷ್ಟು. ಕಾಲುವೆಯ ಒಂದು ತೂಬಿನಿಂದ ಚೌಧರಿಯ ಹೊಲಕ್ಕೂ, ಆಮೇಲೆ ಜಿಂದ್‌ವಡಾನ ನಾಲ್ಕು ಎಕರೆಗೂ, ಅದರಾಚೆ ವಾಹಿದ್ ಬಖ್ಶನ ತುಂಡು ನೆಲಕ್ಕೂ ಪಾಳಿಯ ಮೇಲೆ ನೀರು. ಸೋಮವಾರ ಬೆಳಿಗ್ಗೆ ನೋಡಿದರೆ ತೂಬು ಬಾಯಿಬಿಟ್ಟು ಬಿದ್ದಿತ್ತು. ಚೌಧರಿಯ ಪಾಳಿಯ ನೀರೆಲ್ಲ ಹಳ್ಳಕ್ಕೆ. ಕಾಲುವೆ ಇಲಾಖೆಯವರು ಠಾಣೆಗೆ ದೂರು ಕೊಟ್ಟರು. ಚೌಧರಿಯ ಜೊತೆ ಯಾರ ಜಗಳವಿತ್ತು ಎಂದು ಪೊಲೀಸರು ಬಸ್ತಿಯಲ್ಲಿ ಕೇಳುತ್ತ ಬಂದರು. ಕೇಳಿದವರಿಗೆಲ್ಲ ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಚಟ ವಾಹಿದ್ ಬಖ್ಶನಿಗೆ. ಅವನೇ ಸಿಕ್ಕ.

“ಮುಂದಿನ ಗುರುವಾರ ತಹಸೀಲಿನಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ಹಾಜರಾಗಬೇಕು,” ಎಂದ ಮುನ್ಶಿ. “ಮಧ್ಯಾಹ್ನ ಬೈದೋನು, ಬೆಳಗಾಗೋದ್ರಲ್ಲಿ ತೂಬು ಒಡೆದ. ಸಾಹೇಬರು ಕೂಡಿಸಿ ನೋಡ್ತಾರೆ. ಈಗ ಮನೆಗೆ ಹೋಗು.”

ಠಾಣೆಯಿಂದ ಬಸ್ತಿಗೆ ಒಂದೂವರೆ ಗಂಟೆಯ ಹಾದಿ. ಜಿಂದ್‌ವಡಾ ಮುಕ್ಕಾಲು ಗಂಟೆಯಲ್ಲಿ ನಡೆದ. ಅನುಮಾನ ಎಂಬುದು ಜಾಲಿಯ ಮುಳ್ಳಿನ ಹಾಗೆ. ಹೊಕ್ಕಾಗ ಒಂದೇ, ಕಾಲು ಊರಿದಷ್ಟೂ ಒಳಗೆ ಇಳಿಯುತ್ತದೆ. ತನ್ನ ಪಾಳಿ ತಪ್ಪಿದರೆ ನೀರು ಯಾರಿಗೆ ಹೋಗುತ್ತದೆ? ವಾಹಿದ್ ಬಖ್ಶನಿಗೆ. ಕಳೆದ ವಾರ ಚೌಧರಿಯ ಅಂಗಳದಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದವನು ಯಾರು? ವಾಹಿದ್ ಬಖ್ಶ್. ಜೊಂಡಿನ ಹಗ್ಗ ಮಾರುವವನ ಮಗನಿಗೆ ಹೊಸ ಸೈಕಲ್ ಎಲ್ಲಿಂದ ಬಂತು? ಹೌದಲ್ಲ, ಸೈಕಲ್! ಹ್ಯಾಂಡಲಿಗೆ ಕೆಂಪು ಕುಚ್ಚು ಬೇರೆ. ಅದನ್ನು ನೋಡಿದ ದಿನ ತಾನು ಖುಷಿಪಟ್ಟಿದ್ದ. ಥೂ!

ಮನೆಗೆ ಬಂದಾಗ ಸಾಬೋ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಳು. ಗಂಡನ ಮುಖ ನೋಡಿ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ನಿಂತಳು.

“ಏನಂದ್ರು?”

“ನಿನ್ನ ತಮ್ಮ ನನ್ನ ಕುತ್ತಿಗಿಗೆ ಹಗ್ಗ ಹೊಸದಾನ. ಅದ ಕಸಬಲ್ಲ ಅಂವಂದು.”

ಅವನು ಹೇಳಿದ್ದೆಲ್ಲ ಕೇಳಿ ಸಾಬೋ ತಲೆ ಅಲ್ಲಾಡಿಸಿದಳು. “ವಾಹಿದ್ಯಾ ಬಾಯಿ ಹರಕ ಇರಬಹುದು, ಹೊಟ್ಟಿ ಹೊಲಸಲ್ಲ. ಅಂವ ಹಂಗ ಹೇಳಾವಲ್ಲ.”

“ಹೆಬ್ಬಟ್ಟು ಕಣ್ಣಿಲೆ ನೋಡೇನಿ! ನಿಮ್ಮ ಮನಿತನದ್ದ ಹೆಬ್ಬಟ್ಟು, ಹೋಳಿಗಿಯಷ್ಟ ದೊಡ್ಡದು!”

ಒಳಗಿನಿಂದ ಬಖ್ತಾವರ್ ಬಂದಳು. ಎಂಟನೆಯ ಇಯತ್ತೆಯವರೆಗೆ ಓದಿದವಳು, ಬಸ್ತಿಯ ಅರ್ಧ ಜನಕ್ಕೆ ಕಾಗದ ಓದಿ ಹೇಳುವವಳು. “ಬಾಬಾ, ಆ ಕಾಗದದಾಗ ಬರದದ್ದು ಯಾವ ಶಬ್ದ? ಮಾಮಾ ಹೇಳಿದ ಶಬ್ದನ ಬರದಾರೋ, ಇಲ್ಲಾ...”

“ಮುಚ್ಚು ಬಾಯಿ! ಅಪ್ಪ ಜೇಲಿಗೆ ಹೋದ್ರೂ ಚಿಂತಿಲ್ಲ, ಮಾಮಾನ ಮನಿ ಸೇರಿದ್ರ ಸಾಕು ನಿನಗ.”

ಹುಡುಗಿಯ ಮುಖ ಬಿಳಿಚಿತು. ತಿರುಗಿ ಒಳಗೆ ಹೋದಳು. ಜಿಂದ್‌ವಡಾ ಅವಳ ಬೆನ್ನನ್ನೇ ನೋಡಿದ. ಇವಳಿಗೂ ಮೊದಲೇ ಗೊತ್ತಿತ್ತೇನು? ಸಜಾವಲ್ ಏನಾದರೂ ಹೇಳಿ ಕಳಿಸಿದ್ದನೇನು? ಇಲ್ಲದಿದ್ದರೆ ಶಬ್ದ ಯಾವುದು ಅಂತ ಯಾಕೆ ಕೇಳಬೇಕು?

ಅವನು ನೀರೂ ಕುಡಿಯಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆಗೆದು ಆ ಗಂಟನ್ನು ಎಳೆದು ಹೆಗಲಿಗೇರಿಸಿದ. ಸಾಬೋ ಅವನ ಅಂಗಿಯ ತುದಿ ಹಿಡಿದಳು. “ಬಖ್ತಾವರ್ ಅಪ್ಪಾ, ಕೈ ಮುಗೀತೀನಿ. ಒಂದ್ ಸಲ ಕೇಳು ಅಂವನ್ನ. ಬರೇ ಕೇಳು.”

“ಕೇಳಾಕ ಹೊಂಟೇನಿ.”

ಆದರೆ ಅವನು ಕೇಳಲಿಲ್ಲ. ವಾಹಿದ್ ಬಖ್ಶ್ ತನ್ನ ಮನೆಯ ಮುಂದಿನ ಬೋರೆಮರದ ಕೆಳಗೆ ಕೂತು, ಕಾಲಿನ ಹೆಬ್ಬೆರಳಿಗೆ ಹುರಿ ಸಿಕ್ಕಿಸಿಕೊಂಡು ಹಗ್ಗ ಹೊಸೆಯುತ್ತಿದ್ದ. ಭಾವನನ್ನು ಕಂಡು ಹಲ್ಲು ಬಿಟ್ಟು, “ಬಾ ಅದಾ, ಬಾ ಅಣ್ಣಾ, ಠಾಣೇದಾಗ ಏನಂದ್ರು? ನಾ ಎಲ್ಲಾ ಚಲೋ ಹೇಳೇನಿ ನಿನ್ನ ಬಗ್ಗೆ,” ಎಂದ.

ಚಲೋ ಹೇಳೇನಿ! ಜಿಂದ್‌ವಡಾನ ಕಣ್ಣಿಗೆ ಕತ್ತಲು ಬಂತು. ಗಂಟನ್ನು ಎತ್ತಿ ಅವನ ಕಾಲಬುಡಕ್ಕೆ ಎಸೆದ. ಗಂಟು ಹುರಿಯ ಮೇಲೆ ಬಿತ್ತು, ಒಳಗಿನ ಕಲ್ಲುಸಕ್ಕರೆ ಪುಡಿಯಾದ ಸದ್ದು ಕೇಳಿಸಿತು. ಆಮೇಲೆ ಅವನು ಬಾಯಿಬಿಟ್ಟ. ಅಕ್ಕಪಕ್ಕದ ಮನೆಯವರು ಗೋಡೆಯ ಮೇಲಿಂದ ಕತ್ತು ಚಾಚಿದರು. ಮುದುಕರು ಕಿವಿ ಮುಚ್ಚಿಕೊಂಡರು. ವಾಹಿದ್ ಬಖ್ಶನ ಏಳು ತಲೆಮಾರನ್ನೂ ಅವನು ಬಿಡಲಿಲ್ಲ, ಆ ಏಳರಲ್ಲಿ ತನ್ನ ಹೆಂಡತಿಯೂ ಬರುತ್ತಾಳೆ ಎಂಬುದು ಅವನಿಗೆ ಹೊಳೆಯಲೂ ಇಲ್ಲ.

“ನಾಯಿ ಸೈತ ಉಂಡ ಮನಿ ಕಾಯ್ತದ! ನೀ ಉಂಡ ಮನಿ ಮಾರಿದಿ! ಚೌಧರಿ ಎಂಜಲಾ ತಿಂದು ನನ್ನ ಹೆಸರು ಹೇಳಿದಿ! ನನ್ನ ಮಗಳು ನಿನ್ನ ಹೊಸಲು ತುಳದ್ರ ಆಕಿ ಕಾಲು ಮುರೀತೀನಿ!”

ವಾಹಿದ್ ಬಖ್ಶ್ ಹುರಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೂತಿದ್ದ. ನಲವತ್ತೈದು ವರ್ಷದಲ್ಲಿ ವಾಹಿದ್ ಬಖ್ಶನಿಗೆ ಮಾತು ಸಿಗದೆ ಹೋದದ್ದು ಅದೇ ಮೊದಲು ಎಂದು ಬಸ್ತಿಯಲ್ಲಿ ಆಮೇಲೆ ಹೇಳಿಕೊಂಡರು. ಜಿಂದ್‌ವಡಾನಿಗೆ ಮಾತ್ರ ಆ ಮೌನವೇ ಒಪ್ಪಿಗೆಯ ಹಾಗೆ ಕಂಡಿತು.

ಮುಂದಿನ ನಾಲ್ಕು ದಿನ ಅವನಿಗೆ ಇಡೀ ಬಸ್ತಿ ಒಳಸಂಚಿನ ಹಾಗೆ ಕಾಣಿಸಿತು. ಬಾವಿಯ ಹತ್ತಿರ ಹೆಂಗಸರು ಅವನನ್ನು ಕಂಡು ಮಾತು ನಿಲ್ಲಿಸಿದರೆ ಅದಕ್ಕೊಂದು ಅರ್ಥ. ನಿಲ್ಲಿಸದಿದ್ದರೆ ಅದಕ್ಕೆ ಬೇರೆ ಅರ್ಥ. ಬೆಟ್ಟದ ಕಡೆಯಿಂದ ಬಂದು ಅಂಗಡಿ ಇಟ್ಟಿದ್ದ ಬಲೂಚ ಮುದುಕ ಅವನಿಗೆ ಬೆಲ್ಲ ಕಟ್ಟಿಕೊಡುತ್ತ, “ಗಾಲ್ ಬಾಯಿಂದ ಬಿದ್ದ ಮೇಲೆ ಹೆಕ್ಕಾಕ ಬರೂದಿಲ್ಲ ತಮ್ಮಾ,” ಎಂದ. ಬಲೂಚರ ಮಾತಿನಲ್ಲಿ ಗಾಲ್ ಎಂದರೆ ಬರೀ ನುಡಿ, ಶಬ್ದ. ಅದು ಜಿಂದ್‌ವಡಾನಿಗೂ ಗೊತ್ತು. ಆದರೂ ಅವತ್ತು ಬೆಲ್ಲದ ಪೊಟ್ಟಣವನ್ನು ಹಲಗೆಯ ಮೇಲೆ ಕುಕ್ಕಿ, “ನೀನೂ ಚುಚ್ಚಿ ಮಾತಾಡ್ತೀ ಏನು?” ಎಂದು ಬೆಲ್ಲ ಬಿಟ್ಟು ಬಂದ.

ಮನೆಯಲ್ಲಿ ಸಾಬೋ ರೊಟ್ಟಿಯನ್ನು ಮುಂದಿಟ್ಟು ದೂರ ಹೋಗಿ ಕೂರುತ್ತಿದ್ದಳು. ಬಖ್ತಾವರ್ ಎದುರಿಗೇ ಬರುತ್ತಿರಲಿಲ್ಲ.

ಐದನೆಯ ದಿನ ಅವನು ಚೌಧರಿಯ ಊರು ಚಕ್ ಹನ್ನೊಂದಕ್ಕೆ ಹೊರಟ. ಚೌಧರಿಯ ಬಾಯಿಂದಲೇ ಹೊರಡಿಸಬೇಕು, ವಾಹಿದ್ ಬಖ್ಶನನ್ನು ಏನು ಕೊಟ್ಟು ಕೊಂಡೆ ಅಂತ. ಆ ಸೈಕಲ್ ಯಾರದು ಅಂತ.

ಚೌಧರಿ ಮೆಹರ್‌ದೀನ್ ಮೇಲ್ಸೀಮೆಯ ಪಂಜಾಬಿ. ಕಾಲುವೆ ಬಂದಾಗ ಸರಕಾರ ಕೊಟ್ಟ ನೆಲಕ್ಕೆ ಎತ್ತಿನ ಗಾಡಿಯಲ್ಲಿ ಬಂದವನು, ಈಗ ಮೊಮ್ಮಕ್ಕಳನ್ನು ಕಂಡಿದ್ದ. ಅಂಗಳದಲ್ಲಿ ಹುಕ್ಕಾ ಎಳೆಯುತ್ತ ಕೂತಿದ್ದ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಒಬ್ಬ ತರುಣ. ತಮ್ಮನ ಮಗ, ನಿನ್ನೆ ತಾನೇ ಊರಿನಿಂದ ಬಂದದ್ದು ಎಂದು ಚೌಧರಿ ಹೇಳಿದ.

“ಬಾರಯ್ಯ ಜಿಂದ್‌ವಡಾ, ಕೂತ್ಕೋ. ಏನು ಮುಖ ಹೀಗೆ ಊದಿದೆ?”

“ಕೂಡಾಕ ಬಂದಿಲ್ಲ. ನಾ ನಿಮಗ ಬೈದೇನಿ ಅಂತ ನೀವು ಬರಸೀರಿ?”

“ನಾನೆಲ್ಲಿ ಬರೆಸಿದೆ? ನಾನು ಠಾಣೆ ಮೆಟ್ಟಿಲೇ ಹತ್ತಿಲ್ಲ. ದೂರು ಕೊಟ್ಟಿರೋದು ಕಾಲುವೆಯವರು.” ಚೌಧರಿ ಹುಕ್ಕಾದ ನಳಿಗೆ ಬಾಯಿಂದ ತೆಗೆದ. “ನೀನು ಯಾವಾಗ ಬೈದೆ ನನಗೆ? ಅವತ್ತು ಬಂದೆ, ಪಾಳಿ ಅದಲುಬದಲು ಮಾಡ್ಕೊಳ್ಳೋಣ ಅಂದೆ, ಮಜ್ಜಿಗೆ ಕುಡಿದೆ, ಹೋದೆ. ಎರಡು ಲೋಟ ಕುಡಿದೆ.”

“ಅದನ್ನ ನಾನೂ ಹೇಳೂದು! ಬಾಗಲದಾಗ ನಿಂತು ಗಾಲ್ಹೀಂ ಮಾಡಿದ್ವಿ, ಅಷ್ಟ!”

ಚೌಧರಿಯ ಹುಬ್ಬು ಮೇಲೇರಿತು. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣಲ್ಲಿ ನೀರು ಬಂತು.

“ಆ ಮುನ್ಶಿ ಯಾವ ಕಡೆಯವನು?”

“ನಿಮ್ಮ ಕಡಿಯಾಂವನ. ಲಾಹೋರಿನ ಆಚಿ.”

“ಬಂದು ಎಷ್ಟು ದಿನ ಆಯ್ತು?”

“ಎರಡು ತಿಂಗಳು ಅಂದ್ರು.”

“ಸರಿಹೋಯ್ತು.” ಚೌಧರಿ ಅಂಗವಸ್ತ್ರದಲ್ಲಿ ಕಣ್ಣು ಒರೆಸಿಕೊಂಡ. “ನಾನು ಇಲ್ಲಿಗೆ ಬಂದ ಮೊದಲನೇ ವಾರ, ನಿನ್ನಪ್ಪ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಖರ್ಜೂರದ ಬುಟ್ಟಿ. ಬಂದವನೇ ಏನಂದ ಗೊತ್ತಾ? ‘ಚೌಧರಿ ಸಾಈಂ, ನಿಮಗೊಂದು ಗಾಲ್ಹ್ ಹೇಳಬೇಕು’ ಅಂದ. ನಾನು ಗೋಡೆಗೆ ಒರಗಿಸಿದ್ದ ದೊಣ್ಣೆ ತಗೊಂಡೆ. ಪಾಪ, ಖರ್ಜೂರ ಚೆಲ್ಲಿ ಓಡಿದ. ನಮ್ಮ ಮಾತಲ್ಲಿ ಗಾಲ್ಹ್ ಅಂದ್ರೆ ಬೈಗುಳ ಕಣಯ್ಯ! ನೀವು ಮಾತು ಅನ್ನೋದಕ್ಕೆ ನಾವು ಗಲ್ ಅಂತೀವಿ, ಚಿಕ್ಕದಾಗಿ. ನೀವು ಅದನ್ನ ಎಳೆದು, ಉಸಿರು ನುಂಗಿ ಗಾಲ್ಹ್, ಗಾಲ್ಹೀಂ ಅಂತೀರಿ. ಆ ನುಂಗೋ ಗ ಹಿಡಿಯೋಕೆ ನನ್ನ ಕಿವಿಗೆ ಎರಡು ವರ್ಷ ಬೇಕಾಯ್ತು. ಹೇಳೋಕೆ ಇವತ್ತಿಗೂ ಬರಲ್ಲ.”

ಜಿಂದ್‌ವಡಾ ನಿಂತಲ್ಲೇ ನಿಂತ. ಬಸ್ತಿಯವರ ಮಾತಾದ ಸರಾಯ್ಕಿಯಲ್ಲಿ ಗ ಎರಡು. ಒಂದು ಎಲ್ಲರ ಬಾಯಲ್ಲಿ ಇರುವಂಥದು, ಗಾಳಿಯನ್ನು ಹೊರಗೆ ನೂಕುವುದು. ಇನ್ನೊಂದು ಗಂಟಲನ್ನು ಕೆಳಗೆ ಇಳಿಸಿ, ಗುಟುಕು ನೀರಿನ ಹಾಗೆ ಒಳಗೆ ಎಳೆದುಕೊಳ್ಳುವುದು. ಬರೆಯುವಾಗ ಅದರ ಕೆಳಗೆ ಎರಡು ಚುಕ್ಕೆ ಇಡುತ್ತಾರೆ ಎಂದು ಬಖ್ತಾವರ್ ಒಮ್ಮೆ ನೆಲದ ಮೇಲೆ ಬರೆದು ತೋರಿಸಿದ್ದಳು. ಅವನಿಗೆ ಅದೇನೂ ದೊಡ್ಡದೆನಿಸಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಬರೆದು ತೋರಿಸುತ್ತಾರೆಯೇ?

ಆದರೆ ಅನುಮಾನ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಈ ಚೌಧರಿ ಚಾಲಾಕಿ. ವಾಹಿದ್ ಬಖ್ಶನನ್ನು ಉಳಿಸಲು ಕಥೆ ಕಟ್ಟುತ್ತಿರಬಹುದು.

“ನಂಬಿಕಿ ಬರಲಿಲ್ಲ ನನಗ.”

“ನಂಬಬೇಡ.” ಚೌಧರಿ ಗಲ್ಲದಿಂದಲೇ ತಮ್ಮನ ಮಗನನ್ನು ತೋರಿಸಿದ. “ಇವನು ನಿನ್ನೆ ಬಂದೋನು. ಇವನಿಗೆ ಹೇಳಿ ನೋಡು.”

ಜಿಂದ್‌ವಡಾ ಆ ತರುಣನ ಕಡೆ ತಿರುಗಿದ. ಎದೆಯ ಮೇಲೆ ಕೈಯಿಟ್ಟು, ಆದಷ್ಟು ಮರ್ಯಾದೆಯಿಂದ, “ಸಾಈಂ, ಬ್ಯಾಸರಾ ಇಲ್ಲಂದ್ರ ನಿಮಗೊಂದು ಗಾಲ್ಹ್ ಹೇಳ್ಲಿ?” ಎಂದ.

ತರುಣನ ಕಿವಿ ಕೆಂಪಾಯಿತು. ಅವನು ದೊಡ್ಡಪ್ಪನನ್ನು ನೋಡಿದ, ಇವನನ್ನು ನೋಡಿದ, ಎದ್ದೇ ನಿಂತ. “ಯಾಕ್ರೀ? ನಾನೇನ್ರೀ ಮಾಡಿದ್ದೀನಿ ನಿಮಗೆ? ಕೇಳಿ ಬೇರೆ ಬೈತೀರಾ?”

ಚೌಧರಿ ಹೊರಸಿನ ಮೇಲೆ ಮಗುಚಿ ಬಿದ್ದು ನಕ್ಕ. ಜಿಂದ್‌ವಡಾನಿಗೆ ನಗು ಬರಲಿಲ್ಲ. ಬೋರೆಮರದ ಕೆಳಗೆ ಗಾಳಿಯಲ್ಲೇ ನಿಂತ ಒಂದು ಕೈ ಅವನ ಕಣ್ಣ ಮುಂದೆ ಬಂತು. ನಾ ಎಲ್ಲಾ ಚಲೋ ಹೇಳೇನಿ ನಿನ್ನ ಬಗ್ಗೆ.

ಅವನು ಚಕ್ಕಿನಿಂದ ನೇರ ವಾಹಿದ್ ಬಖ್ಶನ ಮನೆಗೆ ಬಂದ. ಗಂಟು ಎಸೆದಲ್ಲೇ ಇತ್ತು. ಬೋರೆಯ ಎಲೆ ಅದರ ಮೇಲೆ ಉದುರಿದ್ದವು, ಕಲ್ಲುಸಕ್ಕರೆಯ ವಾಸನೆಗೆ ಇರುವೆ ಸಾಲುಗಟ್ಟಿದ್ದವು. ಹೊಸಲಿನಲ್ಲಿ ವಾಹಿದ್ ಬಖ್ಶನ ಹೆಂಡತಿ ಭಾಗಭರಿ ಕೈ ಅಡ್ಡ ಹಿಡಿದು ನಿಂತಳು. ಅವಳು ಸಿಂಧ್‌ನವಳು, ಕಶ್ಮೋರಿನ ಹೆಣ್ಣು. ಮದುವೆಯಾಗಿ ಬಂದಾಗ ಅವಳ ಸಿಂಧಿಯನ್ನು ಕೇಳಿ ಬಸ್ತಿಯವರು ಒಂದು ವಾರ ನಕ್ಕಿದ್ದರು, ಎರಡನೆಯ ವಾರದಿಂದ ಅದು ತಮ್ಮದೇ ಮಾತಿನ ಹಾಗೆ ಕೇಳಿಸತೊಡಗಿತ್ತು.

“ವಾಹಿದ್ಯಾ ಎಲ್ಲಿ?”

“ಇಲ್ಲ. ಹಗ್ಗ ಮಾರಾಕ ನಮ್ಮ ಅಣ್ಣನ ಊರಿಗೆ ಹೋಗ್ಯಾನ. ಗುರುವಾರ ಸೀದಾ ತಹಸೀಲಿಗೆ ಬರ್ತಾನ. ಮತ್ತೇನರ ಬೈಯೂದು ಉಳದೈತೇನು? ಉಳದಿದ್ರ ನನಗ ಬೈ, ನಾ ತಲುಪಸ್ತೀನಿ.”

“ಅಂವ ಠಾಣೇದಾಗ ಏನಂತ ಹೇಳಿದ್ದ? ಶಬ್ದ ಬೇಕು ನನಗ. ಖರೇ ಶಬ್ದ.”

“ಈಗ ಬೇಕಾತು ಶಬ್ದ!” ಭಾಗಭರಿಯ ಧ್ವನಿ ಏರಿತು. “ಅದ ನೂರು ಸಲ ಹೇಳ್ಯಾನಲ್ಲ ನನ್ನ ಮುಂದ. ‘ನಮ್ಮ ಜಿಂದ್‌ವಡಾಗ ಚೌಧರಿ ಕೂಡ ಯಾವ ಜಗಳಾನೂ ಇಲ್ಲ, ಅವತ್ತ ಮಧ್ಯಾಹ್ನ ಬಾಗಲದಾಗ ನಿಂತು ಎಷ್ಟೊತ್ತು ಗಾಲ್ಹೀಂ ಮಾಡಿದ್ರು, ನಾನ ಕಂಡೇನಿ’ ಅಂತ ಹೇಳಿ ಬಂದಿದ್ದ. ಕಶ್ಮೋರಿನಿಂದ ಇಲ್ಲೀತನಕ ಹೊಳಿ ದಂಡಿಗುಂಟ ಎಲ್ಲಾರ ಬಾಯಾಗೂ ಅದ ಗಾಲ್ಹ್. ನಾ ಪರಸೀಮೆಯಾಕಿ, ನನಗ ತಿಳೀತು. ನೀ ಒಂದ ತಟ್ಟಿನಾಗ ಉಂಡಾವ, ನಿನಗ ತಿಳೀಲಿಲ್ಲ.”

ಜಿಂದ್‌ವಡಾ ತಲೆ ತಗ್ಗಿಸಿದ. “ಗುರುವಾರ ಅಂವ ಏನ್ ಹೇಳ್ತಾನ?”

“ನನಗೇನು ಗೊತ್ತು? ನೀ ಆಡಿದ್ದೆಲ್ಲಾ ಕಿವ್ಯಾಗ ಇಟ್ಕೊಂಡು ಹೋಗ್ಯಾನ. ಒಂದ್ ರೊಟ್ಟಿ ಸೈತ ಕಟ್ಕೊಂಡ್ ಹೋಗಿಲ್ಲ.” ಅವಳು ಬಾಗಿಲು ಮುಚ್ಚಿದಳು. ಮುಚ್ಚುವ ಮೊದಲು ಹೇಳಿದಳು: “ಆ ಗಂಟು ಯಾರೂ ಮುಟ್ಟೂದಿಲ್ಲ ಅಂತ ಹೇಳ್ಯಾನ. ಇರುವಿ ತಿಂದ್ರೂ ಸೈ.”

ಬಾಗಿಲ ಪಕ್ಕ ಸೈಕಲ್ ಒರಗಿತ್ತು. ಕೆಂಪು ಕುಚ್ಚು ಗಾಳಿಗೆ ಅಲ್ಲಾಡುತ್ತಿತ್ತು. ಕೇಳಬಾರದೆಂದುಕೊಂಡರೂ ಜಿಂದ್‌ವಡಾನ ಬಾಯಿ ಕೇಳಿಯೇಬಿಟ್ಟಿತು. “ಈ ಸೈಕಲ್...”

ಮುಚ್ಚಿದ ಬಾಗಿಲ ಹಿಂದಿನಿಂದ ಉತ್ತರ ಬಂತು. “ನಮ್ಮ ಅಣ್ಣ ಕೊಟ್ಟದ್ದು! ಸೊಸಿನ್ನ ಕೂಡಿಸ್ಕೊಂಡು ಬರ್ಲಿ ಅಂತ!”

ಗುರುವಾರ ತಹಸೀಲಿನ ಕಚೇರಿಯ ವರಾಂಡದಲ್ಲಿ ವಾಹಿದ್ ಬಖ್ಶ್ ಕಂಬಕ್ಕೆ ಒರಗಿ ನಿಂತಿದ್ದ. ಹೆಗಲ ಮೇಲೆ ನೀಲಿ ಅಜರಕ್ ಶಾಲು, ಗಡ್ಡ ಬೆಳೆದಿತ್ತು. ಜಿಂದ್‌ವಡಾ ಎರಡು ಹೆಜ್ಜೆ ಮುಂದೆ ಹೋದ. ವಾಹಿದ್ ಬಖ್ಶ್ ಅವನ ಕಡೆ ನೋಡಿದ, ಗೋಡೆಯನ್ನು ನೋಡಿದ ಹಾಗೆ. ಅಷ್ಟರಲ್ಲಿ ಹೆಸರು ಕೂಗಿದರು.

ಮ್ಯಾಜಿಸ್ಟ್ರೇಟ್ ಸಾಹೇಬರು ಕರಾಚಿಯವರು, ಮನೆಮಾತು ಉರ್ದು. ಅವರ ಪಕ್ಕದಲ್ಲಿ ಕಾಗದ ಸರಿಸುತ್ತ ಕೂತಿದ್ದ ಗುಮಾಸ್ತ ಮಾತ್ರ ಈ ಕಡೆಯವನೇ. ಜಿಂದ್‌ವಡಾನ ಕಣ್ಣು ವಾಹಿದ್ ಬಖ್ಶನ ಮೇಲೇ ಇತ್ತು. ಇವನು ಈಗ ‘ಹೂಂ, ಬೈದ’ ಎಂದರೆ ಮುಗಿಯಿತು. ಯಾಕೆ ಅನ್ನಬಾರದು? ಸುಳ್ಳೇನಲ್ಲ. ಇಡೀ ಬಸ್ತಿ ಕೇಳಿದೆ ನಾನು ಬೈದದ್ದನ್ನು. ಅವನ ಜಾಗದಲ್ಲಿ ನಾನಿದ್ದರೆ ಅನ್ನುತ್ತಿದ್ದೆ. ಅಂದೇ ಬಿಡುತ್ತಿದ್ದೆ.

“ವಾಹಿದ್ ಬಖ್ಶ್,” ಸಾಹೇಬರು ಕಾಗದ ನೋಡಿ ಕೇಳಿದರು, “ಈ ಮನುಷ್ಯ ಚೌಧರಿಯವರಿಗೆ ಬೈದದ್ದನ್ನು ನೀವು ನೋಡಿದಿರಾ?”

ವಾಹಿದ್ ಬಖ್ಶ್ ಗಂಟಲು ಸರಿ ಮಾಡಿಕೊಂಡ. “ಸಾಹೇಬ್ರ, ಇಂವ ಚೌಧರಿ ಕೂಡ ಗಾಲ್ಹೀಂ ಮಾಡ್ಯಾನ. ಹೌದು.”

“ಹಾಗಾದರೆ ಬೈದ.”

“ಬೈದಿಲ್ಲ. ಗಾಲ್ಹೀಂ ಮಾಡ್ಯಾನ.”

“ಅದನ್ನೇ ನಾನೂ ಹೇಳಿದ್ದು!”

“ಅದನ್ನ ಅಲ್ಲ ಸಾಹೇಬ್ರ.” ವಾಹಿದ್ ಬಖ್ಶ್ ಕೈಯನ್ನು ತನ್ನ ಗಂಟಲಿನ ಮೇಲಿಟ್ಟುಕೊಂಡ. “ನಿಮ್ಮ ಗ ಹೊರಗ ಬೀಳ್ತದ. ನಮ್ದು ಒಳಗ ಇಳೀತದ. ಹೊರಗ ಬಿದ್ರ ಬೈಗುಳ. ಒಳಗ ಇಳದ್ರ ಮಾತು. ಠಾಣೇದಾಂವ ನಂದು ಗಂಟಲದಿಂದ ಎಳದು ಹೊರಗ ಒಗದಾನ.”

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ಸಾಹೇಬರು ಅವನನ್ನು ಗದರಿಸಿ, ಏನು ಇವರು ಹೇಳುವುದು ಎಂದು ಕೇಳಿದರು. ಗುಮಾಸ್ತ ಎದ್ದು ನಿಂತು ವಿವರಿಸಿದ. ಸಾಹೇಬರು ಕನ್ನಡಕ ತೆಗೆದು, ಕತ್ತನ್ನು ಒಳಗೆ ಎಳೆದುಕೊಂಡು, ಒಂದು ಸಲ ಆ ಶಬ್ದ ಹೇಳಲು ನೋಡಿದರು. ಬಿಕ್ಕಳಿಕೆಯ ಹಾಗೆ ಬಂತು. ಇನ್ನೊಂದು ಸಲ ನೋಡಲಿಲ್ಲ. ಕಾಗದದ ಮೇಲೆ ಗಾಲಿಯಾಂ ಎಂದಿದ್ದದ್ದನ್ನು ಹೊಡೆದುಹಾಕಿ, ಉರ್ದುವಿನಲ್ಲಿ ಆ ಅಕ್ಷರವೇ ಇಲ್ಲದ್ದರಿಂದ, ಗುಫ್ತಗೂ ಎಂದು ಬರೆದರು. ಮಾತುಕತೆ. ತೂಬಿನ ಇಟ್ಟಿಗೆ ಹಳತಾಗಿ ತಾನಾಗಿಯೇ ಕುಸಿದದ್ದಿರಬಹುದು ಎಂದು ಕಾಲುವೆಯ ಎಂಜಿನಿಯರು ಬರೆದ ಇನ್ನೊಂದು ಕಾಗದವೂ ಅಲ್ಲಿತ್ತು. ಜಿಂದ್‌ವಡಾನ ಹೆಸರು ಬಿಟ್ಟುಹೋಯಿತು.

“ಒಟ್ಟಿನಲ್ಲಿ ಇವನು ಯಾರಿಗೂ ಬೈದಿಲ್ಲ,” ಎಂದರು ಸಾಹೇಬರು, ಪೆನ್ನು ಮುಚ್ಚುತ್ತ.

“ಬೈದಾನ ಸಾಹೇಬ್ರ.”

ಎಲ್ಲರೂ ತಲೆ ಎತ್ತಿದರು.

“ಚೌಧರಿಗಲ್ಲ. ನನಗ. ಹೋದ ಗುರುವಾರ, ನನ್ನ ಅಂಗಳದಾಗ, ನನ್ನ ಹೆಂಡ್ತಿ ಮಕ್ಕಳ ಮುಂದ. ಅದು ಮಾತ್ರ ಹೊರಗ ಬಿದ್ದದ್ದು.”

ಸಾಹೇಬರು ಪೆನ್ನು ಮತ್ತೆ ತೆರೆದರು. “ದೂರು ಕೊಡುತ್ತೀರಾ?”

ವಾಹಿದ್ ಬಖ್ಶ್ ಆಗ ಮೊದಲ ಸಲ ಜಿಂದ್‌ವಡಾನನ್ನು ನೇರ ನೋಡಿದ. ಬಹಳ ಹೊತ್ತು ನೋಡಿದ. ಜಿಂದ್‌ವಡಾನಿಗೆ ಆ ನೋಟದಲ್ಲಿ ಏನಿದೆ ಎಂದು ತಿಳಿಯಲಿಲ್ಲ, ಇಷ್ಟು ದಿನ ಎಲ್ಲರ ಮುಖದಲ್ಲೂ ಎಲ್ಲವನ್ನೂ ಓದಿದವನಿಗೆ.

“ಇಲ್ಲ ಸಾಹೇಬ್ರ,” ಎಂದ ವಾಹಿದ್ ಬಖ್ಶ್. “ಅದು ನಮ್ಮ ಮನಿ ಗಾಲ್ಹ್.”

ಯಾವ ಗ ಎಂದು ಸಾಹೇಬರು ಗುಮಾಸ್ತನ ಕಡೆ ನೋಡಿದರು. ಒಳಗಿಳಿಯುವುದು ಎಂದು ಗುಮಾಸ್ತ ಗಂಟಲು ಮುಟ್ಟಿ ತೋರಿಸಿದ.

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಬಸ್ತಿಯ ನಿಲ್ದಾಣದಲ್ಲಿ ಇಳಿದ ಮೇಲೆ ಜಿಂದ್‌ವಡಾ ಹಿಂದೆ ಹಿಂದೆ ನಡೆದ. ಬೋರೆಮರದ ಹತ್ತಿರ ಬಂದಾಗ ಕೇಳಿದ, “ವಾಹಿದ್ಯಾ. ತಪ್ಪಾತು. ಏನರ ಮಾತಾಡು.”

“ಮಾತಾಡಿದ್ದು ಸಾಲಲಿಲ್ಲೇನು? ಮಾತಾಡಿನ ಇಷ್ಟೆಲ್ಲಾ ಆತು.” ವಾಹಿದ್ ಬಖ್ಶ್ ಕಾಲಿನಿಂದ ಗಂಟನ್ನು ತೋರಿಸಿದ. “ನಾ ಇದನ್ನ ಬಿಚ್ಚಿಲ್ಲ. ಬಿಚ್ಚಿದ್ರ ವಾಪಸ್ ತಗೊಂಡಂಗ ಆಗ್ತಿತ್ತು. ನೀ ಹೊತ್ತು ತಂದಿ, ನೀನ ಹೊತ್ತು ಹೋಗು. ಹೊಳಿ ಕಡಿ ಹಾದಿಯಿಂದಲ್ಲ. ಬಸ್ತಿ ನಡುವಿಂದ. ಕೇಳಿದಾವ್ರಿಗೆಲ್ಲಾ ಏನಂತ ಹೇಳಿ ಹೋಗು.”

“ಎಲ್ಲಾರಿಗೂ?”

“ಬೈಯೂದು ಎಲ್ಲಾರೂ ಕೇಳ್ಯಾರಲ್ಲ ಅದಾ.”

ಅದಾ ಎಂದ. ಅಣ್ಣಾ ಎಂದ. ಜಿಂದ್‌ವಡಾ ಬಗ್ಗಿ ಗಂಟನ್ನು ಎತ್ತಿ ಕೊಡವಿದ. ಇರುವೆ ಕೈಗೆ ಹತ್ತಿ ಕಚ್ಚಿದವು.

ನಡು ಹಗಲು. ಇಡೀ ಬಸ್ತಿ ಹೊರಗೇ ಇತ್ತು. ಬಲೂಚ ಮುದುಕ ಅಂಗಡಿಯಿಂದ ಕೂಗಿದ, “ಏನು ತಮ್ಮಾ, ಹೆಕ್ಕಿದ್ಯಾ?” ಜಿಂದ್‌ವಡಾ ನಿಂತು, “ಹೆಕ್ಕೀನಿ. ತಪ್ಪು ನಂದ ಇತ್ತು,” ಎಂದ. ಬಾವಿಯ ಹೆಂಗಸರಿಗೆ ಹೇಳಿದ. ಗೋಡೆಯ ಮೇಲೆ ಕತ್ತು ಚಾಚಿದವರ ಮನೆಮನೆಗೂ ಹೇಳಿದ. ಆರನೆಯ ಮನೆಯಲ್ಲಿ ಒಬ್ಬ ಕೇಳಿಸದವನ ಹಾಗೆ ನಟಿಸಿ ಎರಡು ಸಲ ಹೇಳಿಸಿದ. ಜಿಂದ್‌ವಡಾನಿಗೆ ಅದು ಗೊತ್ತಾಯಿತು, ಆದರೂ ಹೇಳಿದ.

ಮನೆಯ ಬಾಗಿಲಲ್ಲಿ ಬಖ್ತಾವರ್ ನಿಂತಿದ್ದಳು. ಗಂಟು ಕಂಡು ಅವಳ ಕಣ್ಣು ತುಂಬಿತು. ಎರಡೂ ಕೈಯಿಂದ ಇಸಕೊಂಡಳು. ಹಿಂದೆ ಸಾಬೋ ಅಲ್ಲಾಹನ ಹೆಸರು ಹೇಳುತ್ತ ಚುನ್ನಿಯ ಅಂಚಿಗೆ ಮುಖ ಒತ್ತಿಕೊಂಡಳು.

“ಅವತ್ತ ಒಂದ ಶಬ್ದ ಕೇಳಿದ್ದೆ ಬಾಬಾ,” ಎಂದಳು ಮಗಳು. “ಹೇಳಿದ್ರ ಅಲ್ಲೇ ಮುಗೀತಿತ್ತು. ಕಲ್ಲುಸಕ್ಕರಿ ಬ್ಯಾರೆ ಪುಡಿ ಮಾಡೀರಿ.”

ಹಳೆಯ ಚಾಳಿ. ಜಿಂದ್‌ವಡಾನ ಕುತ್ತಿಗೆಯ ನರ ಉಬ್ಬಿತು, ಮುಚ್ಚು ಬಾಯಿ ಎಂಬುದು ನಾಲಗೆಯ ತುದಿಗೆ ಬಂದು ನಿಂತಿತು. ಅವನು ಗಂಟಲನ್ನು ಕೆಳಗೆ ಇಳಿಸಿ ಅದನ್ನು ನುಂಗಿದ. ಆಮೇಲೆ ಹೊರಸಿನ ಮೇಲೆ ಕೂತು, “ಒಂದೀಟು ನೀರು ಕೊಡವಾ,” ಎಂದ.